ಎರಡು ಬಳೆ, ನಾಲ್ಕು ಕ್ಲಿಪ್: ಪ್ಲಾಸ್ಮಿಡ್ ಆಟ ಮನೆಯಲ್ಲೇ ನೋಡಿ

ಅತ್ತೆಯ ಯೂರಿನ್ ಕಲ್ಚರ್ ರಿಪೋರ್ಟ್ ಬಂತು. ಔಷಧಿಗಳ ಹೆಸರಿನ ಮುಂದೆ ಸಾಲಾಗಿ ‘ಆರ್’, ‘ಆರ್’, ‘ಆರ್’. ಅಂದರೆ ರೋಗಾಣು ಅವಕ್ಕೆ ಬಗ್ಗಲ್ಲ. “ಇದರಾಗಿನ ಅರ್ಧ ಗುಳಿಗಿ ನಾ ಜನ್ಮದಾಗ ನುಂಗಿಲ್ಲಲಾ!” ಅಂದರು. ನ್ಯಾಯವಾದ ಪ್ರಶ್ನೆ, ಅಲ್ವಾ? ಎರಡು ತಟ್ಟೆ, ದಾರ, ದುರ್ಗದಬೈಲಿನಲ್ಲಿ ತಂದ ಎರಡು ಬಳೆ, ಬಟ್ಟೆಗೆ ಹಾಕುವ ಬಣ್ಣದ ಕ್ಲಿಪ್ ತಗೊಂಡು ಕೂತೆವು.

ಮೊದಲು ತಟ್ಟೆ ಇಡಿ. ಒಂದು ಇ. ಕೊಲೈ, ಇನ್ನೊಂದು ಕ್ಲೆಬ್ಸಿಯೆಲ್ಲಾ, ಎರಡೂ ಬ್ಯಾಕ್ಟೀರಿಯಾ. ಎರಡರಲ್ಲೂ ದಾರದ ಸಿಕ್ಕು ಹಾಕಿ. ಅದು ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ, ಇ. ಕೊಲೈನಲ್ಲಿ ಸುಮಾರು 46 ಲಕ್ಷ ಅಕ್ಷರ ಉದ್ದ. ಇ. ಕೊಲೈ ತಟ್ಟೆಗೆ ಮಾತ್ರ ಒಂದು ಬಳೆ. ಇದೇ ಪ್ಲಾಸ್ಮಿಡ್, ದಾರಕ್ಕೆ ಅಂಟದೆ ತನ್ನಷ್ಟಕ್ಕೆ ನಕಲಾಗುವ ಡಿಎನ್‌ಎ ಉಂಗುರ.

ಈಗ ಕ್ಲಿಪ್. ಒಂದೊಂದೂ ಒಂದು ಜೀನ್: ಒಂದು ಪೆನಿಸಿಲಿನ್ ಮುರಿಯುತ್ತೆ, ಇನ್ನೊಂದು ಟೆಟ್ರಾಸೈಕ್ಲಿನನ್ನು ಹೊರಗೆ ಪಂಪ್ ಮಾಡುತ್ತೆ. ಬಳೆ ತುಂಬ ಹರಡಬೇಡಿ, ಒಂದೇ ಕಡೆ ಒತ್ತಾಗಿ ಸಿಕ್ಕಿಸಿ. ಯಾಕೆಂದರೆ ಈ ಜೀನ್‌ಗಳು ಬರೋದು ಟ್ರಾನ್ಸ್‌ಪೋಸಾನ್ ಎಂಬ ಜಿಗಿಯುವ ತುಂಡುಗಳ ಮೇಲೆ, ಅವು ಬಳೆಯ ನಕಲು ಮಾಡುವ ಭಾಗದ ಮೇಲೆ ಬಿದ್ದರೆ ಬಳೆಯೇ ಕೆಡುತ್ತೆ, ಹಳೇ ಕ್ಲಿಪ್‌ಗಳ ನಡುವೆ ಬಿದ್ದರೆ ಅಷ್ಟು ನಷ್ಟವಿಲ್ಲ, ಹಾಗಾಗಿ ಅಂಥ ಬಳೆಗಳೇ ಉಳಿದುಕೊಳ್ಳುತ್ತವೆ. ಇಂಟಿಗ್ರಾನ್ ಅಂತ ಇನ್ನೊಂದಿದೆ. ಅದು ಜೀನ್‌ಗಳನ್ನು ಹಿಡಿದು ಸಾಲಾಗಿ ಪೋಣಿಸುತ್ತೆ, ಎಲ್ಲಕ್ಕೂ ಒಂದೇ ಸ್ವಿಚ್.

ಆಮೇಲೆ ತಟ್ಟೆಗಳನ್ನು ತಾಗಿಸಿ. ಇ. ಕೊಲೈ ಪಿಲಸ್ ಎಂಬ ಎಳೆ ಚಾಚಿ ಪಕ್ಕದ್ದನ್ನು ಹತ್ತಿರ ಎಳೆಯುತ್ತೆ, ಪ್ಲಾಸ್ಮಿಡ್ಡಿನ ಜೋಡಿ ಡಿಎನ್‌ಎ ಎಳೆಗಳಲ್ಲಿ ಒಂದು ಆಚೆ ಹೋಗುತ್ತೆ, ಎರಡೂ ಕಡೆ ಜೊತೆ ಎಳೆ ಹೊಸದಾಗಿ ತಯಾರು. ಅದಕ್ಕೇ ಮೊದಲ ಬಳೆ ತೆಗೀಬೇಡಿ. ಅದೇ ಬಣ್ಣದ ಕ್ಲಿಪ್ ಹಾಕಿದ ಎರಡನೇ ಬಳೆಯನ್ನು ಕ್ಲೆಬ್ಸಿಯೆಲ್ಲಾಕ್ಕೆ ಕೊಡಿ. ಕೊಟ್ಟವನಿಗೂ ಉಳಿಯಿತು, ಪಡೆದವನಿಗೂ ಸಿಕ್ಕಿತು! 1950ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಆಮಶಂಕೆಯ ಶಿಗೆಲ್ಲಾದಲ್ಲಿ ಕಂಡದ್ದು ಇದನ್ನೇ. ನಾಲ್ಕು ಔಷಧಿಗಳ ನಿರೋಧ ಒಂದೇ ಏಟಿಗೆ ಇ. ಕೊಲೈಗೆ ದಾಟುತ್ತಿತ್ತು.

ಕೊನೆಗೆ ಗುಳಿಗೆ. ಟೆಟ್ರಾಸೈಕ್ಲಿನ್ ಒಂದೇ ಕೊಟ್ಟೆವು ಅನ್ನಿ. ಬಳೆ ಇಲ್ಲದವು ಸೋತವು, ಬಳೆ ಇದ್ದವು ಬೆಳೆದವು, ಜೊತೆಗೆ ಉಳಿದ ಕ್ಲಿಪ್‌ಗಳೂ ಪುಕ್ಕಟೆ ಬೆಳೆದವು. ಅತ್ತೆ ನುಂಗದ ಗುಳಿಗೆಗೂ ‘ಆರ್’ ಬಂದದ್ದು ಹೀಗೇ ಇರಬಹುದು. ಅದೂ ಅಲ್ಲದೆ ಬಳೆ ಬೇರೆಯವರ ಹೊಟ್ಟೆಯಲ್ಲೋ ಚರಂಡಿ ನೀರಿನಲ್ಲೋ ತಯಾರಾಗಿ ಬಂದಿರಲೂಬಹುದು.

“ಹಂಗಾರ ಗುಳಿಗಿ ಬಿಟ್ರ ಬಳಿ ಹೋಗ್ತದೇನು?”

ಸುಲಭಕ್ಕೆ ಹೋಗಲ್ಲ ಅತ್ತೆ. ಎಷ್ಟೋ ಪ್ಲಾಸ್ಮಿಡ್‌ಗಳು ವಿಷ, ಅದಕ್ಕೆ ಮದ್ದು ಎರಡನ್ನೂ ತಾವೇ ಮಾಡಿಸುತ್ತವೆ. ಬಳೆ ಕಳ್ಕೊಂಡ ಮರಿಯಲ್ಲಿ ಮದ್ದು ಬೇಗ ಕರಗುತ್ತೆ, ವಿಷ ಉಳಿಯುತ್ತೆ.