ಅಗ್ಗದ ಎಲೆಕ್ಟ್ರಿಕ್ ಗಿಟಾರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್ ಕೊಂಡವರು ತಿಂಗಳು ಕಳೆಯುವುದರೊಳಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಬದಲಾಯಿಸುವ ಮಾತು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ‘ಸೌಂಡ್ ಚೆನ್ನಾಗಿಲ್ಲ’ ಅನ್ನಿಸಿಕೊಳ್ಳುವ ಎಷ್ಟೋ ಗಿಟಾರ್‌ಗಳು ಕೆಟ್ಟವಲ್ಲ, ಸೆಟಪ್ (ನುಡಿಸಲು ಸರಿಯಾಗಿ ಹೊಂದಿಸುವ ಕೆಲಸ) ಆಗದೇ ಮನೆಗೆ ಬಂದವು. ಫ್ಯಾಕ್ಟರಿಯವರು ಖರ್ಚು ಉಳಿಸುವುದು ಮರದಲ್ಲಿ, ವೈರಿನಲ್ಲಿ ಮಾತ್ರ ಅಲ್ಲ, ಕೊನೆಯ ಕೈಕೆಲಸದಲ್ಲೂ ಉಳಿಸುತ್ತಾರೆ. ಅದನ್ನು ನೀವು ಮಾಡಿ ಮುಗಿಸಿದರೆ ಅರ್ಧ ತಕರಾರು ಅಲ್ಲೇ ತೀರುತ್ತದೆ. ಸ್ಕ್ವಯರ್, ಯಮಹಾ ಪೆಸಿಫಿಕಾ, ಐಬನೇಜ್, ಕಾರ್ಟ್, ಯಾವುದೇ ಇರಲಿ, ಕೆಲಸದ ಕ್ರಮ ಒಂದೇ.

ಮೊದಲು ನೆಕ್

ದುಡ್ಡು ಹಾಕುವಷ್ಟು ಈ ಗಿಟಾರ್ ಯೋಗ್ಯವೇ ಎಂದು ಹೇಳುವುದು ನೆಕ್ (ತಂತಿ ಒತ್ತುವ ಉದ್ದನೆಯ ಭಾಗ) ಮಾತ್ರ. ಹೆಡ್‌ಸ್ಟಾಕ್ (ನೆಕ್ ತುದಿಯ ತಲೆ) ಕಣ್ಣಿನ ಹತ್ತಿರ ಹಿಡಿದು ಬಾಡಿ ಕಡೆಗೆ ನೋಡಿ. ಎರಡೂ ಅಂಚು ಒಂದೇ ರೀತಿ ಕಾಣಬೇಕು. ನೆಕ್ ತಿರುಚಿಕೊಂಡಿದ್ದರೆ, ಟ್ರಸ್ ರಾಡ್ (ನೆಕ್ ಬಾಗು ಹೊಂದಿಸುವ ಒಳಗಿನ ಸರಳು) ಕೆಲಸ ಮಾಡದಿದ್ದರೆ, ಅದರ ಮೇಲೆ ಒಂದು ರೂಪಾಯಿಯೂ ಹಾಕಬೇಡಿ. ವಾರಂಟಿ ಇದ್ದರೆ ವಾಪಸ್ ಕೊಡಿ.

ಟ್ಯೂನ್ ಮಾಡಿಕೊಂಡು ದಪ್ಪ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ 0.2ರಿಂದ 0.3 ಮಿ.ಮೀ. ಸಂದು ಇರಬೇಕು. ತೆಳು ವಿಸಿಟಿಂಗ್ ಕಾರ್ಡ್ ತೂರಿದರೆ ಸಾಕು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ ಅನ್ನು ಅಲೆನ್ ಕೀಯಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಸಂದೇ ಇಲ್ಲದಿದ್ದರೆ ಉಲ್ಟಾ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆಯಿರಿ. ಬಿಗಿಯಾಗಿ ಕೂತು ಅಲುಗಾಡದಿದ್ದರೆ ಬಲ ಹಾಕಬೇಡಿ, ರಿಪೇರಿಯವರ ಹತ್ತಿರ ಹೋಗಿ. ಮಂಗಳೂರಿನ ಮಳೆಗಾಲಕ್ಕೂ ಕಲಬುರಗಿಯ ಬೇಸಿಗೆಗೂ ಮರ ಒಂದೇ ಥರ ಇರುವುದಿಲ್ಲ, ಹಾಗಾಗಿ ಇದನ್ನು ವರ್ಷಕ್ಕೆ ಒಂದೆರಡು ಸಲವಾದರೂ ನೋಡಬೇಕಾಗುತ್ತದೆ.

ಒಣ ಹವೆಗೆ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಆಗ ಫ್ರೆಟ್‌ಗಳ ತುದಿ ಹೊರಗೆ ಬಂದು ಅಂಗೈಗೆ ಚುಚ್ಚುತ್ತದೆ. ಅದು ಸಣ್ಣ ಅರದಿಂದ ಸರಿಹೋಗುವ ದೋಷ, ಗಾಬರಿ ಬೇಡ. ಯಾವುದೋ ಒಂದು ಸ್ವರ ಮಾತ್ರ ಝರ್ ಅಂದರೆ ಹಳೆಯ ಎಟಿಎಂ ಕಾರ್ಡಿನ ನೇರ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ ನೋಡಿ. ಬಾಡಿ ಕಡೆಯ ಫ್ರೆಟ್‌ಗಳು ಹತ್ತಿರ ಹತ್ತಿರ ಇರುವುದರಿಂದ ಅಲ್ಲಿಗೆ ಕಾರ್ಡನ್ನು ಕತ್ತರಿಸಿ ಚಿಕ್ಕದು ಮಾಡಿಕೊಳ್ಳಿ. ಕಾರ್ಡ್ ಅತ್ತಿತ್ತ ಆಡಿದರೆ ನಡುವಿನ ಫ್ರೆಟ್ ಎತ್ತರ ಇದೆ ಎಂದರ್ಥ.

ಫಿಂಗರ್‌ಬೋರ್ಡ್ (ಫ್ರೆಟ್ ಕೂರಿಸಿದ ಮರದ ಹಲಗೆ) ಬಗ್ಗೆ ಒಂದು ಮಾತು. ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ನಿಯಮ ಬಿಗಿಯಾದ ಮೇಲೆ ಸ್ಕ್ವಯರ್ ಗಿಟಾರ್‌ಗಳಲ್ಲಿ ‘ಇಂಡಿಯನ್ ಲಾರೆಲ್’ ಜಾಸ್ತಿ ಬಂತು. ಅದು ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಮತ್ತಿ ಮರವೇ. ಬೀಟೆ ಅಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಗಟ್ಟಿ ಮರ. ಒಣಗಿ ಬಿಳಿಚಿಕೊಂಡಿದ್ದರೆ ತಂತಿ ಬದಲಿಸುವಾಗ ಗಿಟಾರ್ ಅಂಗಡಿಯ ಲೆಮನ್ ಆಯಿಲ್ ಸ್ವಲ್ಪ ಒರೆಸಿ. ಅಡುಗೆ ಎಣ್ಣೆ ಬೇಡ. ಪಾಲಿಶ್ ಇರುವ ಮೇಪಲ್‌ಗೆ ಯಾವ ಎಣ್ಣೆಯೂ ಬೇಡ.

ನಟ್: ಎಲ್ಲರೂ ಮರೆಯುವ ಜಾಗ

ಶ್ರುತಿ ನಿಲ್ಲುತ್ತಿಲ್ಲ ಅಂತ ಟ್ಯೂನರ್ (ತಂತಿ ಬಿಗಿಮಾಡುವ ಕೀಲಿ) ಬದಲಿಸುವವರು ಬಹಳ ಜನ. ಟ್ಯೂನ್ ಮಾಡುವಾಗ ‘ಟಿಣ್’ ಅಂತ ಸದ್ದಾಗಿ ಸ್ವರ ಹಾರುತ್ತದೆಯೇ? ಹಾಗಾದರೆ ತಂತಿ ನಟ್‌ನ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಹಾಯುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ, ಟ್ಯೂನರ್ ತಪ್ಪಲ್ಲ. ತಂತಿ ಸಡಿಲಿಸಿ, ಸೀಳಿನೊಳಗೆ ಪೆನ್ಸಿಲ್ ಮೊನೆಯನ್ನು ಉಜ್ಜಿ. ಟ್ಯೂನರ್‌ಗೆ ತಂತಿ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿರಬೇಕು ಅನ್ನುವುದೂ ನೆನಪಿರಲಿ.

ಇನ್ನು ಎತ್ತರ. ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ, ಒಂದನೇ ಫ್ರೆಟ್ ಮೇಲೆ ನೋಡಿ. ಕೂದಲೆಳೆಯಷ್ಟು ಸಂದು ಇದ್ದರೆ ಸರಿ. ತುಂಬ ಜಾಸ್ತಿ ಇದ್ದರೆ ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ ಹಿಡಿತ) ಹಿಡಿಯುವಾಗ ಬೆರಳು ನೋಯುತ್ತದೆ, ಹಿಡಿದ ಕಾರ್ಡ್ ಅಪಶ್ರುತಿಯೂ ಆಗುತ್ತದೆ. ಎಷ್ಟೋ ಮಕ್ಕಳು ಗಿಟಾರ್ ಮೂಲೆಗೆ ಇಡುವುದು ಇದೊಂದೇ ಕಾರಣಕ್ಕೆ, ತಮ್ಮ ಬೆರಳೇ ಸರಿಯಿಲ್ಲ ಅಂದುಕೊಂಡು. ನಿಜಕ್ಕೂ ಬೇಸರವಾಗುತ್ತದೆ. ಸೀಳು ಆಳ ಮಾಡುವುದು ಸೂಕ್ಷ್ಮ ಕೆಲಸ, ಒಮ್ಮೆ ಜಾಸ್ತಿ ಉಜ್ಜಿದರೆ ವಾಪಸ್ ಬರುವುದಿಲ್ಲ. ಗೊತ್ತಿದ್ದವರಿಂದ ಮಾಡಿಸಿ. ಮೊದಲ ಖರ್ಚು ಹೊಸ ತಂತಿ, ಎರಡನೆಯದು ಇದು.

ಬ್ರಿಡ್ಜ್

ಬ್ರಿಡ್ಜ್ ಅಂದರೆ ಬಾಡಿ ಮೇಲೆ ತಂತಿಗಳು ಕೂರುವ ಭಾಗ, ತಂತಿಯ ಎತ್ತರ ಹೊಂದಿಸುವುದು ಇಲ್ಲಿ. ಹನ್ನೆರಡನೇ ಫ್ರೆಟ್ ಮೇಲೆ ಸಣ್ಣ ತಂತಿ ಸುಮಾರು 1.6 ಮಿ.ಮೀ., ದಪ್ಪ ತಂತಿ 2 ಮಿ.ಮೀ. ಎತ್ತರ ಇರಲಿ. ಆಮೇಲೆ ಅದೇ ಫ್ರೆಟ್‌ನ ಹಾರ್ಮೋನಿಕ್ ಸ್ವರವನ್ನೂ (ತಂತಿ ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವುದು) ಒತ್ತಿದ ಸ್ವರವನ್ನೂ ಶ್ರುತಿ ತೋರಿಸುವ ಟ್ಯೂನರ್ ಯಂತ್ರದಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ ಮುಂದಕ್ಕೆ. ಇದನ್ನು ಹೊಸ ತಂತಿಯಲ್ಲೇ ಮಾಡಿ, ಹಳೆಯದರಲ್ಲಿ ಸುಮ್ನೆ ಶ್ರಮ.

ಕರೆಂಟಿನ ಕೆಲಸ

ಕೇಬಲ್ ಅಲುಗಿಸಿದಾಗ ಗರಗರ ಅಂದರೆ ಮೊದಲು ಬೇರೆ ಕೇಬಲ್, ಆಮೇಲೆ ಜ್ಯಾಕಿನ ಬೆಸುಗೆ ನೋಡಿ. ನಾಬ್ ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಮನೆಯ 50 ಹರ್ಟ್ಜ್ ಕರೆಂಟಿನ ಗುಂಯ್ ಸದ್ದನ್ನು ಎಳೆದುಕೊಳ್ಳುವುದು ಸಹಜ, ತಂತಿ ಮುಟ್ಟಿದಾಗ ಅದು ಕಡಿಮೆಯಾಗುವುದೂ ಸಹಜ. ಆದರೆ ತಂತಿ ಮುಟ್ಟಿದರೆ ಕೈ ಜುಂ ಅಂದರೆ ಆಂಪ್ (ಆಂಪ್ಲಿಫೈಯರ್) ತಕ್ಷಣ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಅರ್ತಿಂಗ್ ಇಲ್ಲದ ಮನೆಯಲ್ಲಿ, ಮೂರು ಪಿನ್ನಿನದನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಚುಚ್ಚಿ ನುಡಿಸುವುದು ಜೀವಕ್ಕೇ ಅಪಾಯ. ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಗಿಟಾರ್ ಮುಟ್ಟಬೇಡಿ.

ಪಿಕಪ್ ಎತ್ತರವನ್ನೂ ಸರಿಪಡಿಸಿ, ಇದಕ್ಕೆ ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು. ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಪಿಕಪ್‌ಗೂ ನಡುವೆ ಎರಡು ಮಿ.ಮೀ.ಯಿಂದ ಶುರು ಮಾಡಿ, ಕಿವಿಗೆ ಹಿತವಾಗುವವರೆಗೆ ಇಳಿಸುತ್ತಾ ಹೋಗಿ. ತೀರಾ ಹತ್ತಿರ ಇದ್ದರೆ ಆಯಸ್ಕಾಂತ ತಂತಿಯನ್ನೇ ಎಳೆದು ಸ್ವರ ನಡುಗಿಸುತ್ತದೆ.

ಪಿಕಪ್‌ಗಿಂತ ಮೊದಲು ಆಂಪ್

ಇಷ್ಟಾದ ಮೇಲೂ ಸೌಂಡ್ ಹಿಡಿಸದಿದ್ದರೆ ಗಿಟಾರ್ ಎತ್ತಿಕೊಂಡು ಗೆಳೆಯರ ಮನೆಗೋ ಜ್ಯಾಮ್ ರೂಮಿಗೋ ಹೋಗಿ, ಒಳ್ಳೆಯ ಆಂಪ್‌ನಲ್ಲಿ ನುಡಿಸಿ ಬನ್ನಿ. ಅಲ್ಲಿ ಚೆನ್ನಾಗಿ ಕೇಳಿಸಿದರೆ ತೊಂದರೆ ನಿಮ್ಮ ಹತ್ತು ವಾಟ್ ಆಂಪ್‌ನ ಪುಟ್ಟ ಸ್ಪೀಕರ್‌ದು, ಅಲ್ವಾ? ಆ ದುಡ್ಡನ್ನು ಆಂಪ್‌ಗೆ ಹಾಕಿ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಕಂಪ್ಯೂಟರ್ ಇದ್ದರೆ ಒಂದು ಆಡಿಯೊ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ), ಒಳ್ಳೆ ಹೆಡ್‌ಫೋನ್ ಸಾಕು. ಆಂಪ್ ಸೌಂಡ್ ಅನುಕರಿಸುವ ನ್ಯೂರಲ್ ಆಂಪ್ ಮಾಡೆಲರ್‌ನಂಥ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ.

ಒಳ್ಳೆಯ ಆಂಪ್‌ನಲ್ಲೂ ಸೌಂಡ್ ಮಂಕಾಗಿದ್ದರೆ ಮಾತ್ರ ಪಿಕಪ್ ಬದಲಿಸಿ. ಜೊತೆಗೆ ಪಾಟ್‌ಗಳನ್ನೂ (ನಾಬ್ ಕೆಳಗಿನ ರೆಸಿಸ್ಟರ್‌ಗಳು) ನೋಡಿ: ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್‌ಗೆ 500. ಬಿಚ್ಚುವ ಮೊದಲು ವೈರಿಂಗ್‌ನ ಫೋಟೊ ತೆಗೆದುಕೊಳ್ಳಿ. ಹಳೆಯ ಪಿಕಪ್, ಸ್ಕ್ರೂ, ಸ್ಪ್ರಿಂಗ್ ಎಲ್ಲ ಒಂದು ಡಬ್ಬಿಯಲ್ಲಿ ಹೆಸರು ಬರೆದು ಇಡಿ. ಸೆಕೆಂಡ್ ಹ್ಯಾಂಡ್ ಮಾರುವಾಗ ಹೊಸ ಪಿಕಪ್‌ಗೆ ಯಾರೂ ಹೆಚ್ಚಿನ ಬೆಲೆ ಕೊಡುವುದಿಲ್ಲ. ಹಳೆಯದನ್ನು ವಾಪಸ್ ಹಾಕಿ ಮಾರಿ, ಹೊಸದನ್ನು ಮುಂದಿನ ಗಿಟಾರ್‌ಗೆ ಇಟ್ಟುಕೊಳ್ಳಿ.