ಸ್ಲೀವ್ ಆದ ಮೇಲೆ ಹೊಟ್ಟೆಯನ್ನು ಕೇಳುವುದು ಬಿಟ್ಟೆ

ನನಗೆ ಸ್ಲೀವ್, ಅಂದರೆ ತೂಕ ಇಳಿಸಲು ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಆಪರೇಷನ್, ಆಗಿ ಮೂರು ವರ್ಷ ದಾಟಿತು. ಆಗ 130 ಕೆಜಿ ಹತ್ತಿರ ಇದ್ದೆ. ಒಂದೂಕಾಲು ವರ್ಷದಲ್ಲಿ 80ರ ಆಸುಪಾಸಿಗೆ ಬಂದೆ. ಆಮೇಲೆ ಎರಡು ಮೂರು ಕೆಜಿ ಅತ್ತಿತ್ತ ಆಡಿಕೊಂಡು ಅಲ್ಲೇ ನಿಂತಿದ್ದೇನೆ. "ಎರಡನೇ ವರ್ಷ ಎಲ್ಲ ವಾಪಸ್ ಬರುತ್ತೆ, ನೋಡ್ತಾ ಇರು" ಅಂದವರು ಕಡಿಮೆಯೇನಲ್ಲ. ಅವರಲ್ಲೇ ಇಬ್ಬರು ಈಚೆಗೆ ಫೋನ್ ಮಾಡಿ, "ನೀನು ಅದೇನೋ ತೂಕ ಹಾಕಿ ತಿಂತೀಯಲ್ಲ, ಅದನ್ನ ಸ್ವಲ್ಪ ಹೇಳು" ಅಂದರು. ಅವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಆಪರೇಷನ್ ಆದವರಿಗೂ, ತಾರೀಕು ಸಿಕ್ಕವರಿಗೂ ಇದು. ದ್ರವ, ಪ್ಯೂರಿ, ಮೆತ್ತಗಿನದು, ಆಮೇಲೆ ಮಾಮೂಲಿ ಊಟ ಅನ್ನುವ ಹಂತಗಳು ನಿಮಗೆ ಗೊತ್ತೇ ಇರುತ್ತವೆ, ಅದಕ್ಕೆ ನಾನು ಕೈ ಹಾಕುವುದಿಲ್ಲ.

ನನ್ನ ಪದ್ಧತಿ ಇಷ್ಟೇ. ಎಷ್ಟು ತಿನ್ನಬೇಕು ಅಂತ ಹೊಟ್ಟೆಯನ್ನು ಕೇಳುವುದಿಲ್ಲ. ಮೊದಲೇ ತೂಕ ಹಾಕಿ ಸಣ್ಣ ತಟ್ಟೆಗೆ ಇಟ್ಟುಕೊಳ್ಳುತ್ತೇನೆ. ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಅನ್ನವೋ ಬ್ರೆಡ್ಡೋ ಜಾಗ ಉಳಿದರೆ ಮಾತ್ರ. ತಟ್ಟೆ ಖಾಲಿಯಾದರೆ ಊಟ ಮುಗಿಯಿತು. ಇಪ್ಪತ್ತೈದು ನಿಮಿಷ ಆದರೂ ಮುಗಿಯದಿದ್ದರೆ ಉಳಿದದ್ದನ್ನು ಎತ್ತಿಡುವುದು. ದಿನಕ್ಕೆ ನಾಲ್ಕು ಹೊತ್ತು, ಮಧ್ಯೆ ಏನೂ ಇಲ್ಲ.

ಇದಕ್ಕೆ ಎಲ್ಲರ ತಕರಾರು ಇತ್ತು. "ಹೊಟ್ಟೆ ತುಂಬಿದಾಗ ನಿಲ್ಲಿಸು ಸಾಕು, ತಕ್ಕಡಿ ಯಾಕೆ" ಅಂತ ಒಬ್ಬರು. "ದಿನವಿಡೀ ಸ್ವಲ್ಪ ಸ್ವಲ್ಪ ತಿಂತಾ ಇರು" ಅಂತ ಇನ್ನೊಬ್ಬರು. ಎರಡನ್ನೂ ಮಾಡಿ ನೋಡಿದ್ದೇನೆ, ಎರಡೂ ಕೈಕೊಟ್ಟವು.

ಹೊಟ್ಟೆ ತುಂಬಿತು ಅನ್ನುವ ಸೂಚನೆ ನಮಗೆ ತಡವಾಗಿ ಬರುತ್ತದೆ. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದಿರುತ್ತಾರೆ, ಉಳಿದದ್ದು ಸಣ್ಣ ಕೊಳವೆ. ಹಳೆಯ ಹಾಗೆ ನಿಧಾನಕ್ಕೆ "ಸಾಕು" ಅನಿಸುವುದೇ ಇಲ್ಲ. ಒಂದು ತುತ್ತಿನವರೆಗೆ ಎಲ್ಲ ಸರಿ, ಮುಂದಿನ ತುತ್ತಿಗೆ ಎದೆಯ ನಡುವೆ ಬಿಗಿತ. ನನಗೆ ಬಿಕ್ಕಳಿಕೆ ಬರುತ್ತದೆ, ಮೂಗು ಸೋರುತ್ತದೆ. ಕೆಲವರಿಗೆ ಸೀನು ಬರುತ್ತದಂತೆ. ಅದು ಬಂತು ಅಂದರೆ ಆಗಲೇ ಒಂದು ತುತ್ತು ಜಾಸ್ತಿಯಾಗಿದೆ ಅಂತಲೇ ಅರ್ಥ. ಮೂಗು ಸೋರುವವರೆಗೆ ಕಾಯುವುದಕ್ಕಿಂತ ಮೊದಲೇ ಲೆಕ್ಕ ಮಾಡಿ ಇಡುವುದು ವಾಸಿ ಅಲ್ವಾ?

ಎರಡನೇ ತಿಂಗಳಲ್ಲಿ ಫ್ರಿಜ್‌ನಲ್ಲಿದ್ದ ಚಿಕನ್ ಬಿಸಿ ಮಾಡಿಕೊಂಡು ತಿಂದೆ. ಹೆಬ್ಬೆರಳಿನ ಉಗುರಿನಷ್ಟು ಚೂರು, ಚೆನ್ನಾಗಿ ಅಗಿದಿದ್ದೆ ಕೂಡ. ಅದು ಇಳಿಯಲೇ ಇಲ್ಲ. ಮೊದಲು ಎದೆಯಲ್ಲಿ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಆಮೇಲೆ ಬಾಯಿತುಂಬ ಜೊಲ್ಲು, ಉಗಿದರೆ ಮತ್ತೆ ತುಂಬುತ್ತದೆ, ಬರುಬರುತ್ತಾ ದಪ್ಪ ಬಿಳಿ ನೊರೆ. ಅರ್ಧ ಗಂಟೆ ಸಿಂಕ್ ಹಿಡಿದುಕೊಂಡು ನಿಂತಿದ್ದೆ. ನೀರು ಕುಡಿದರೆ ತಳ್ಳಿಕೊಂಡು ಹೋಗುತ್ತೆ ಅಂದುಕೊಳ್ಳುತ್ತೇವೆ, ಅದು ಮೇಲೆಯೇ ನಿಂತು ನೋವು ಇನ್ನೂ ಜೋರಾಗುತ್ತದೆ. ಕೊನೆಗೆ ಚೂರು ತಾನಾಗಿಯೇ ಹೊರಗೆ ಬಂತು. ಅವತ್ತಿನಿಂದ ಚಿಕನ್ ಅಂದರೆ ನುಣ್ಣಗೆ ಕೊಚ್ಚಿದ್ದು, ಸಾರಿನಲ್ಲಿ ನೆನೆದದ್ದು ಮಾತ್ರ. ಮತ್ತೆ ಬಿಸಿ ಮಾಡಿದ ಒಣ ಮಾಂಸ ಮನೆಯಲ್ಲಿ ಉಳಿದವರಿಗೆ. ಮೀನು ಯಾವತ್ತೂ ತೊಂದರೆ ಕೊಟ್ಟಿಲ್ಲ. ಅಪರೂಪಕ್ಕೆ ಹೀಗಾದರೆ ಸರಿ, ದಿನಾ ವಾಂತಿ ಆಗುತ್ತಿದ್ದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ. ಬಿ1 ವಿಟಮಿನ್ ಕುಸಿದು ನರಕ್ಕೆ ಪೆಟ್ಟು ಬೀಳುತ್ತದೆ, ಡಾಕ್ಟರ ಹತ್ತಿರ ಹೋಗಿಬಿಡಿ.

ಇನ್ನು ನೀರಿನ ಕಥೆ. ಮೊದಲ ತಿಂಗಳು ಹಸಿವಿಗಿಂತ ದೊಡ್ಡ ತಲೆನೋವು ಇದೇ. ಒಂದೂವರೆ ಲೀಟರ್ ಒಳಗೆ ಹೋಗಬೇಕು, ಒಂದು ಸಲಕ್ಕೆ ಎರಡು ಗುಟುಕಿಗಿಂತ ಜಾಸ್ತಿ ಹಿಡಿಸುವುದಿಲ್ಲ, ಊಟದ ಜೊತೆ ಕುಡಿಯುವ ಹಾಗಿಲ್ಲ, ಊಟವಾಗಿ ಅರ್ಧ ಗಂಟೆ ಬಾಯಿಗೆ ಮುಟ್ಟಿಸುವ ಹಾಗಿಲ್ಲ, ಅಂದ ಮೇಲೆ ದಿನದಲ್ಲಿ ಉಳಿಯುವ ಹೊತ್ತಾದರೂ ಎಷ್ಟು? ಗೆರೆ ಹಾಕಿದ ದೊಡ್ಡ ಬಾಟಲಿ ತಂದೆ. ಸಂಜೆ ಹೊತ್ತಿಗೆ ಅರ್ಧವೂ ಇಳಿದಿರುತ್ತಿರಲಿಲ್ಲ, ಅದನ್ನು ನೋಡಿಯೇ ಬೇಜಾರು. ಮೊಬೈಲ್‌ನಲ್ಲಿ ನೆನಪಿಸುವ ಆ್ಯಪ್ ಹಾಕಿಕೊಂಡೆ, ಮೂರನೇ ದಿನಕ್ಕೆ ಅದರ ಬಾಯಿ ಮುಚ್ಚಿಸಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಸಿರಪ್ ಬಾಟಲಿ ಜೊತೆ ಕೊಡುವ 30 ಎಂಎಲ್ ಪ್ಲಾಸ್ಟಿಕ್ ಕಪ್ಪುಗಳು. ಬೆಳಿಗ್ಗೆ ಹತ್ತು ಕಪ್ ಸಾಲಾಗಿ ತುಂಬಿ ಮೇಜಿನ ಮೇಲೆ ಇಡುತ್ತಿದ್ದೆ. ದಾಟಿ ಹೋಗುವಾಗ ಒಂದು. ಖಾಲಿಯಾದರೆ ಮತ್ತೆ ಹತ್ತು. ದಿನಕ್ಕೆ ಐದು ಸಾಲು. ಮನೆಯವರು ನಕ್ಕರು, ನಗಲಿ. ಉಗುರುಬೆಚ್ಚಗಿನ ನೀರು ನನಗೆ ಸರಾಗವಾಗಿ ಇಳಿಯುತ್ತದೆ, ತಣ್ಣೀರಿಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆಗೆ ಇದು ಪೂರ್ತಿ ಉಲ್ಟಾ. ಮೂತ್ರ ಕಡು ಹಳದಿಯಾಗಿ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ಅವತ್ತು ಪ್ರೋಟೀನ್ ಲೆಕ್ಕ ಬದಿಗಿಟ್ಟು ಮೊದಲು ನೀರು.

ದುಡ್ಡು ಹೋದದ್ದು ಎಲ್ಲಿ ಅಂತ ಕೇಳಿದರೆ ಮೊದಲ ಹೆಸರು ಪ್ರೋಟೀನ್ ಪುಡಿ. ಆಪರೇಷನ್‌ಗೆ ಮುಂಚೆ ರುಚಿ ನೋಡಿ, ಇಷ್ಟಪಟ್ಟು, ಇದ್ದುದರಲ್ಲೇ ದೊಡ್ಡ ಡಬ್ಬ ತಂದಿಟ್ಟಿದ್ದೆ. ಆಪರೇಷನ್ ಆಗಿ ಬಂದ ಮೇಲೆ ಅದೇ ಪುಡಿ ಒಂದು ಗುಟುಕು ಕುಡಿದರೆ ವಾಕರಿಕೆ. ನಾಲಿಗೆಯ ರುಚಿ ಬದಲಾಗಿತ್ತು, ಸಿಹಿ ಅಂದರೆ ಸಾಕು ತಲೆ ಸುತ್ತುತ್ತಿತ್ತು. ಆ ಡಬ್ಬ ಜಿಮ್‌ಗೆ ಹೋಗುವ ಹುಡುಗನ ಪಾಲಾಯಿತು. ಇನ್ನೊಂದು ಬಗೆ ತಂದೆ, ಅದರಲ್ಲಿ ಗ್ಯಾಸ್. ಹಾಲಿನ ಸಕ್ಕರೆ ಕಡಿಮೆ ಇರುವ ಐಸೊಲೇಟ್ ಅನ್ನುವ ಬಗೆ ಆಗಿಬಂತು, ಆದರೆ ಬೆಲೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಡಬ್ಬ ಕೊಳ್ಳಬೇಡಿ, ಸ್ಯಾಷೆ ತಂದು ನೋಡಿ, ಅದೂ ಆಪರೇಷನ್ ಆದ ಮೇಲೆ. ರುಚಿ ಹಾಕದ ಪುಡಿಯನ್ನು ನೇರ ಬಿಸಿ ಸೂಪಿಗೆ ಸುರಿದರೆ ಗಂಟುಗಂಟು. ಮೊದಲು ತಣ್ಣೀರಿನಲ್ಲಿ ಕದಡಿ, ಸೂಪ್ ಕುಡಿಯುವಷ್ಟು ಆರಿದ ಮೇಲೆ ಬೆರೆಸಬೇಕು. ಇದಕ್ಕೆ ನಾನು ಇನ್ನೊಂದು ಚಿಟಿಕೆ ಸೇರಿಸುತ್ತೇನೆ, ಪುಡಿಯ ವಾಸನೆ ಪೂರ್ತಿ ಹೋಗುತ್ತದೆ. ಅದೇನು ಅಂತ ಹೇಳಲ್ಲ. ಅಷ್ಟು ಡಬ್ಬ ಹಾಳು ಮಾಡಿ ಕಂಡುಕೊಂಡದ್ದು, ಸುಮ್ನೆ ಬಿಟ್ಟುಕೊಡೋದು ಹೇಗೆ!

ಈ ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಯಾವ ತಿಂಡಿ ಒಳಗೆ ಹೋಗಿ ಏನಾಗುತ್ತದೆ ಅಂತ ನೋಡೋಣ ಅನಿಸಿ, ಸಾಲಾಗಿ ಲೋಟಗಳಲ್ಲಿ ಸ್ವಲ್ಪ ಬೆಚ್ಚಗಿನ ನೀರು ಹಾಕಿ ಒಂದೊಂದರಲ್ಲಿ ಒಂದೊಂದು ತಿಂಡಿ ಹಾಕಿದೆ. ಜಠರದಲ್ಲಿ ಆಮ್ಲ ಇರುತ್ತೆ, ಇದು ಬರೀ ನೀರು, ಒಪ್ಪಿದೆ. ಆದರೂ ಕಂಡದ್ದು ಮಜವಾಗಿತ್ತು. ಮೆತ್ತಗಿನ ಬ್ರೆಡ್ ಉಬ್ಬಿ, ಹಿಸುಕಿದರೆ ಹಿಟ್ಟಿನ ಉಂಡೆ. ತಿಂದ ಬ್ರೆಡ್ ಎದೆಯಲ್ಲಿ ಕೂರುವುದು ಯಾಕೆ ಅಂತ ಗೊತ್ತಾಯಿತು. ಅದನ್ನೇ ಟೋಸ್ಟ್ ಮಾಡಿ ಹಾಕಿದರೆ ಬಿಡಿಬಿಡಿಯಾಗಿ ಒಡೆಯಿತು, ತಿನ್ನುವಾಗಲೂ ಟೋಸ್ಟ್ ಪರವಾಗಿಲ್ಲ. ಬೇಯಿಸಿದ ಮೊಟ್ಟೆಯ ಬಿಳಿ ಇದ್ದ ಹಾಗೇ ಇತ್ತು. ಬಿಸ್ಕತ್ತು ನೋಡನೋಡುತ್ತಿದ್ದಂತೆ ಕರಗಿ ನೀರಾಯಿತು. ಅಪಾಯ ಅಲ್ಲೇ ಇರುವುದು. ಕರಗುವಂಥದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಜಾರಿಕೊಂಡು ಹೋಗುತ್ತದೆ. 60 ಗ್ರಾಂ ಮೀನು ತಿನ್ನಲು ಒದ್ದಾಡುವ ಅದೇ ಹೊಟ್ಟೆಗೆ ಬಿಸ್ಕತ್ತಿನ ಇಡೀ ಪೊಟ್ಟಣ ಹೋದರೂ ತುಂಬಿದ್ದು ಗೊತ್ತಾಗಲ್ಲ. "ಹೊಟ್ಟೆ ತುಂಬಿದಾಗ ನಿಲ್ಲಿಸು" ಅನ್ನುವ ಮಾತು ಬಿಸ್ಕತ್ತಿನ ಮುಂದೆ ನಡೆಯುವುದಿಲ್ಲ. ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುವವರ ಕೈಗೆ ಸಿಗುವುದೂ ಇಂಥದ್ದೇ. ತೂಕ ವಾಪಸ್ ಬಂದವರನ್ನು ನಾಲ್ಕೈದು ಜನರನ್ನು ಬಲ್ಲೆ, ಎಲ್ಲರದೂ ಇದೇ ದಾರಿ.

ನೀರಿನ ವಿಷಯದಲ್ಲಿ ನನಗೆ ಉಲ್ಟಾ ಅಂದೆನಲ್ಲ, ಆ ಸಹೋದ್ಯೋಗಿಗೆ ಆದದ್ದು ಬೈಪಾಸ್. ಹೃದಯದ್ದಲ್ಲ, ಜಠರವನ್ನು ಸಣ್ಣದು ಮಾಡಿ ನೇರ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಆಪರೇಷನ್. ಒಂದು ಕಪ್ ಐಸ್‌ಕ್ರೀಮ್ ತಿಂದು ಇಪ್ಪತ್ತು ನಿಮಿಷ ಆಗಿರಲಿಲ್ಲ, ಎದೆ ಡಬಡಬ ಹೊಡೆದುಕೊಂಡು, ಬೆವರಿ, ಆಫೀಸಿನಲ್ಲೇ ಮಲಗಿಬಿಟ್ಟರು. ಸಿಹಿ ಒಮ್ಮೆಲೇ ಕರುಳಿಗೆ ಇಳಿದು ಹೀಗಾಗುವುದಕ್ಕೆ ಡಂಪಿಂಗ್ ಅಂತಾರೆ. ಆಮೇಲೆ ಅವರು ಸಿಹಿಯ ತಂಟೆಗೇ ಹೋಗಿಲ್ಲ. ಸ್ಲೀವ್‌ನವರಲ್ಲೂ ಕೆಲವರಿಗೆ ಆಗುತ್ತದೆ, ನನಗೆ ಆಗಲಿಲ್ಲ. ಒಳಗಿನಿಂದ ಬುದ್ಧಿ ಹೇಳುವವರು ಇಲ್ಲದ ಮೇಲೆ ತಕ್ಕಡಿಯೇ ಹೇಳಬೇಕು.

ಅಳತೆ ಕೇಳುವವರಿಗೆ, ನೆನಪಿನಿಂದ ಹೇಳುತ್ತೇನೆ. ಮೆತ್ತಗಿನ ಆಹಾರದ ಹಂತದಲ್ಲಿ ಒಂದು ಹೊತ್ತಿಗೆ 50-60 ಗ್ರಾಂ. ಮೂರು ನಾಲ್ಕನೇ ತಿಂಗಳಿಗೆ 90 ಹತ್ತಿರ. ವರ್ಷ ತುಂಬುವಾಗ 150. ಈಗ 200, ಅದಕ್ಕಿಂತ ಮೇಲೆ ಹಿಡಿಸಿದರೂ ಹಾಕುವುದಿಲ್ಲ. ಪ್ರೋಟೀನ್ ದಿನಕ್ಕೆ 70 ಗ್ರಾಂ ಗುರಿ. ಮೊದಲ ಎರಡು ತಿಂಗಳು ಪುಡಿ ಇಲ್ಲದೆ ಅಷ್ಟು ಮುಟ್ಟುವುದು ಆಗದ ಮಾತು. ಈಗ ಮೊಟ್ಟೆ, ಮೀನು, ಮೊಸರು, ಕಾಳಿನಲ್ಲೇ ಆಗುತ್ತದೆ. ಮಕ್ಕಳ ಚಮಚ ಇಟ್ಟುಕೊಂಡೆ, ಚೆನ್ನಾಗಿದೆ. ಎಡಗೈಯಲ್ಲಿ ತಿಂದು ನೋಡಿದೆ, ಅದು ಇನ್ನೂ ಚೆನ್ನಾಗಿದೆ, ಎಷ್ಟು ಆತುರ ಇದ್ದರೂ ನಿಧಾನ ಆಗಲೇಬೇಕು.

ಮೂರನೇ ವಾರದ ಹೊತ್ತಿಗೆ ತೂಕ ಕಂಬ ಹಿಡಿದು ನಿಲ್ಲುತ್ತದೆ, ಬಹಳ ಜನರಿಗೆ ಹೀಗಾಗುತ್ತದೆ, ಅಳಬೇಡಿ. ಎಂಟೊಂಬತ್ತನೇ ತಿಂಗಳಲ್ಲಿ ಹಸಿವು ಮತ್ತೆ ಬಂದಾಗ ಮಾತ್ರ ನಾನು ನಿಜಕ್ಕೂ ಹೆದರಿದೆ. ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವನ್ನೇ ತೆಗೆದಿದ್ದಾರೆ ಅಂತ ನೆಮ್ಮದಿಯಾಗಿದ್ದೆ. ಆದರೂ ಸಂಜೆ ಐದಾದರೆ ಕೈ ತಾನಾಗಿ ಡಬ್ಬದ ಕಡೆ ಹೋಗುತ್ತಿತ್ತು. ನೀರು ಕುಡಿದು ನೋಡಿದೆ, ನಡೆದಾಡಿ ನೋಡಿದೆ, ಚೂಯಿಂಗ್ ಗಮ್ ಅಗಿದೆ, ಅದರಿಂದ ಹೊಟ್ಟೆಗೆ ಗಾಳಿ ಹೋಗಿದ್ದಷ್ಟೇ ಲಾಭ. ಕೊನೆಗೆ ಆ ಹೊತ್ತಿನ ಜೊತೆ ಜಗಳ ಬಿಟ್ಟು ಒಂದು ಊಟವನ್ನೇ ಸಂಜೆ ಐದಕ್ಕೆ ಹಾಕಿದೆ. ಡಯಟೀಶಿಯನ್ ಮೊದಲು ಒಪ್ಪಲಿಲ್ಲ, ಆರು ತಿಂಗಳ ತೂಕದ ಪಟ್ಟಿ ಮುಂದಿಟ್ಟ ಮೇಲೆ "ಹೀಗೇ ಮಾಡಿ" ಅಂದರು. ಅದನ್ನು ಕೇಳಿ ನಾನು ಎಷ್ಟು ಉಬ್ಬಿದೆ ಅಂತ ಹೇಳಬೇಕಿಲ್ಲ.

ಆಪರೇಷನ್ ಖರ್ಚಿಗೆ ಎಲ್ಲರೂ ತಯಾರಾಗಿರುತ್ತಾರೆ. ಅದರ ನಂತರದ ಖರ್ಚು ಮೊದಲ ವರ್ಷವೇ ಅದರ ಐದನೇ ಒಂದು ಭಾಗಕ್ಕೆ ಬಂತು ನನಗೆ. ಪುಡಿ ಆಯಿತು. ವಿಟಮಿನ್ ಮಾತ್ರೆ ಜೀವನಪೂರ್ತಿ. ರಕ್ತ ಪರೀಕ್ಷೆ ಮೊದಲ ವರ್ಷ ಮೂರು ಸಲ, ಆಮೇಲೆ ವರ್ಷಕ್ಕೊಂದು. ಬಟ್ಟೆ ಬೇರೆ. ಹೊಸ ಪ್ಯಾಂಟು ತಂದು ಎರಡು ತಿಂಗಳಿಗೆ ಅದೂ ಜಾರುತ್ತದೆ. ನಡುವಿನ ಅಳತೆಗಳಿಗೆಲ್ಲ ಬೇರೆಯವರ ಹಳೆಯದನ್ನು ಕೇಳಿ ಹಾಕಿಕೊಂಡೆ. ನಾಚಿಕೆಪಟ್ಟರೆ ದುಡ್ಡು ಹೋಗುತ್ತದೆ. ದಿನಸಿ ಖರ್ಚು ಇಳಿದದ್ದರಲ್ಲಿ ಸ್ವಲ್ಪ ವಾಪಸ್ ಬಂತು ಅನ್ನಿ.

ಮಾತ್ರೆಯಲ್ಲಿ ಉಳಿಸಲು ಹೋಗಬೇಡಿ. ಜೆಲ್ಲಿ ಥರದ ವಿಟಮಿನ್ ತಿನ್ನಲು ರುಚಿ, ನಾನು ತಂದದ್ದರಲ್ಲಿ ಕಬ್ಬಿಣವೇ ಇರಲಿಲ್ಲ. ಆರನೇ ತಿಂಗಳ ಪರೀಕ್ಷೆಯಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಲೆಕ್ಕ, ಕೆಳಗೆ ಬಿದ್ದಿತ್ತು. ಕ್ಯಾಲ್ಸಿಯಂ ಸಿಟ್ರೇಟ್ ಇರಲಿ, ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಅದು ನಮಗೆ ಕಡಿಮೆ. ಒಂದು ಸಲಕ್ಕೆ 500 ಎಂಜಿ ಸುತ್ತಮುತ್ತ, ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ. ನಾನು ಕಬ್ಬಿಣವನ್ನು ರಾತ್ರಿ ಮಲಗುವ ಮುಂಚೆ ಹಾಕಿಕೊಂಡು ತಲೆಬಿಸಿ ಮುಗಿಸಿದೆ. ಬಿ12 ಮಾತ್ರ ಇಂಜೆಕ್ಷನ್. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಹುಣ್ಣು ಮಾಡುತ್ತವೆ, ಬೈಪಾಸ್ ಆದವರಿಗಂತೂ ಬೇಡವೇ ಬೇಡ. ಹಲ್ಲಿನ ಡಾಕ್ಟರಿಗೂ ಬಾಯಿ ತೆರೆಯುವ ಮುಂಚೆಯೇ ಹೇಳಿಬಿಡುತ್ತೇನೆ.

ಕೂದಲಿಗೆ ಸುರಿದ ದುಡ್ಡು ಶುದ್ಧ ದಂಡ. ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರತೊಡಗಿತು. ಎಣ್ಣೆ, ಶ್ಯಾಂಪೂ, ಕೂದಲಿಗೆ ಅಂತ ಮಾರುವ ಬಯೋಟಿನ್ ವಿಟಮಿನ್, ಏನು ಕಂಡರೆ ಅದು ತಂದೆ. ಪ್ರೋಟೀನ್ ಮತ್ತು ಕಬ್ಬಿಣ ಸರಿಯಾದ ಮೇಲೆ ಒಂಬತ್ತನೇ ತಿಂಗಳಿಗೆ ಅದರಷ್ಟಕ್ಕೆ ಅದು ನಿಂತಿತು. ಬಯೋಟಿನ್ ಜಾಸ್ತಿ ತಿಂದರೆ ಥೈರಾಯ್ಡ್ ಪರೀಕ್ಷೆಯ ಲೆಕ್ಕವೇ ತಪ್ಪಾಗಿ ಬರಬಹುದು, ಆ ಸುಳಿಯಲ್ಲೂ ಸ್ವಲ್ಪ ದಿನ ಸುತ್ತಿದೆ.

ನಾಲ್ಕು ಜನರ ಜೊತೆ ಊಟಕ್ಕೆ ಕೂರುವುದು ಇನ್ನೊಂದು ವಿದ್ಯೆ. ನಮ್ಮಕ್ಕ ವರ್ಷವಿಡೀ "ಇನ್ನೊಂದು ತುತ್ತು ತಿನ್ನೋ, ಏನಾಗುತ್ತೆ" ಅನ್ನುತ್ತಿದ್ದಳು. "ಅಕ್ಕಾ, ಆಗೋದು ನಿನ್ನ ಸಿಂಕ್‌ನಲ್ಲೇ" ಅಂದೆ ಒಂದು ದಿನ. ಆಮೇಲೆ ಕೇಳಿಲ್ಲ. ಹೊರಗೆ ಹೋದಾಗ ತಟ್ಟೆಯಲ್ಲಿ ಏನಾದರೂ ಉಳಿದಿರಲಿ, ಖಾಲಿ ತಟ್ಟೆ ಕಂಡರೆ ಬಡಿಸುವವರು ಬಿಡುವುದಿಲ್ಲ. ಮದ್ಯ ಕುಡಿಯುವವರಿಗೆ ಒಂದೇ ಮಾತು: ಅದು ಬೇಗ ಏರುತ್ತದೆ, ತಡವಾಗಿ ಇಳಿಯುತ್ತದೆ, ಗಾಡಿ ಕೀಲಿ ಬೇರೆಯವರ ಕೈಯಲ್ಲಿರಲಿ.

ತಕ್ಕಡಿ ಯಾವುದು ಅಂತ ಆ ಇಬ್ಬರೂ ಕೇಳಿದರು. ಅಗ್ಗದ ಡಿಜಿಟಲ್ ಸಾಕು, ಆದರೆ ಒಂದೊಂದೇ ಗ್ರಾಂ ತೋರಿಸುವಂಥದ್ದು ತಗೊಳ್ಳಿ. ಐದೈದು ಗ್ರಾಂ ಹಾರುವುದು ಮೊದಲ ತಿಂಗಳುಗಳಿಗೆ ಬರುವುದಿಲ್ಲ. ಒಂದು ಜೊತೆ ಸೆಲ್ ಜಾಸ್ತಿ ಇಟ್ಟುಕೊಳ್ಳಿ.