ತಾತನ ಸಿಡಿ ಕಾಪಿ ಮಾಡೋದು ಹೇಗೆ, ಕ್ವಾಲಿಟಿ ಒಂಚೂರೂ ಹೋಗ್ದಂಗೆ

ಹನುಮಂತನಗರದ ನಮ್ಮ ದೊಡ್ಡಮ್ಮನ ಮನೇಲಿ ಒಂದು ಸಿಡಿ ಇದೆ, ತಾತ ಹಾಡಿರೋ 12 ದೇವರನಾಮ, ಯಾವ್ದೋ ಕಾಲದಲ್ಲಿ ಸ್ಟುಡಿಯೋದವ್ರ ಹತ್ರ ರೈಟ್ ಮಾಡಿಸಿದ್ದು. ದೊಡ್ಡಮ್ಮನ ಮಗ ಅದನ್ನ ಕಂಪ್ಯೂಟರ್‌ಗೆ ಹಾಕಿ, ಕಂಡ 12 ಫೈಲನ್ನೂ ಪೆನ್‌ಡ್ರೈವ್‌ಗೆ ಎಳೆದ, ಕಣ್ಣು ಮಿಟುಕಿಸೋಷ್ಟರಲ್ಲಿ ಮುಗೀತು, ಆಮೇಲೆ ಹಾಕಿ ನೋಡಿದ್ರೆ ಒಂದೂ ಹಾಡ್ತಿಲ್ಲ. ಹಾಡೋದಾದ್ರೂ ಹೇಗೆ? ವಿಂಡೋಸ್ ತೋರಿಸೋ ಆ ಸಿಡಿಎ ಫೈಲು ಒಂದೊಂದೂ ಬರೀ 44 ಬೈಟು, ಹಾಡು ಡಿಸ್ಕಲ್ಲಿ ಎಲ್ಲಿ ಶುರು ಆಗುತ್ತೆ ಅಂತ ಬರೆದಿಟ್ಟ ಚೀಟಿ ಅಷ್ಟೇ.

ಈ ಕೆಲಸ ಮುಂದೂಡ್ಬೇಡಿ. ಅಂಗಡೀಲಿ ಕೊಂಡ ಹಾಡಿನ ಸಿಡೀಲಿ ಗುಳಿಗಳನ್ನ ಅಚ್ಚು ಒತ್ತಿರ್ತಾರೆ, ನಾವು ಬರ್ನ್ ಮಾಡಿದ್ದರಲ್ಲಿ ಇರೋದು ಲೇಸರ್‌ನಲ್ಲಿ ಸುಟ್ಟ ಬಣ್ಣದ ಪದರ, ಬಿಸಿಲು ಶೆಕೆಗೆ ಅದು ಮಾಸ್ತಾ ಹೋಗುತ್ತೆ.

ಮೊದಲು ಒರೆಸಿ. ಮೆತ್ತಗಿನ ಬಟ್ಟೆ, ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ, ದೋಸೆ ಕಾವಲಿ ಒರೆಸಿದಂಗೆ ಸುತ್ತ ತಿರುಗಿಸ್ಬೇಡಿ. ಮೇಲೆ ಅಂಟಿಸಿರೋ ಸ್ಟಿಕರ್ ಕೀಳೋಕೆ ಹೋಗ್ಲೇಬೇಡಿ, ಸಿಡೀಲಿ ಮಾಹಿತಿ ಇರೋದು ಆ ಲೇಬಲ್ ಕಡೇನೇ, ತೆಳು ಲೇಪದ ಕೆಳಗೆ, ಸ್ಟಿಕರ್ ಜೊತೆ ಅದೂ ಕಿತ್ಕೊಂಡು ಬರುತ್ತೆ. ಲ್ಯಾಪ್‌ಟಾಪಲ್ಲಿ ಡ್ರೈವ್ ಇಲ್ಲ ಅಂದ್ರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಲ್ಲಿ ಯುಎಸ್‌ಬಿ ಡಿವಿಡಿ ರೈಟರ್ ಕೇಳಿ.

ಈಗ ಕ್ವಾಲಿಟಿ ವಿಷಯ. ಡಿಸ್ಕಲ್ಲಿರೋದು ಬರೀ ಅಂಕಿಗಳು, ಅಂಕಿ ನಕಲು ಮಾಡಿದ್ರೆ ಕ್ಯಾಸೆಟ್ ಥರ ಸವೆಯಲ್ಲ. ಹಾಳಾಗೋದು ಎರಡೇ ಕಡೆ. ಒಂದು, ನಾವೇ ಎಂಪಿ3ಗೋ ಎಂಪಿ4ಗೋ ಬದಲಾಯಿಸಿದಾಗ. ಇನ್ನೊಂದು, ಸ್ಕ್ರ್ಯಾಚ್ ಬಿದ್ದ ಜಾಗ ಓದೋಕಾಗದೆ ಡ್ರೈವು ಅಕ್ಕಪಕ್ಕದ ಸದ್ದು ನೋಡಿ ಅಂದಾಜಲ್ಲಿ ತುಂಬಿಸಿದಾಗ. ಆಡಿಯೋ ಸಿಡೀಲಿ ಇದು ಜಾಸ್ತಿ, ಯಾಕಂದ್ರೆ ಒಂದು ಸೆಕ್ಟರ್‌ನ, ಅಂದ್ರೆ ಡಿಸ್ಕಿನ ಒಂದು ಸಣ್ಣ ತುಂಡಿನ, 2352 ಬೈಟೂ ಸದ್ದಿಗೇ ಹೋಗುತ್ತೆ, ಅದೇ ಮಾಮೂಲಿ ಡೇಟಾ ಸಿಡೀಲಿ 2048 ಮಾತ್ರ ನಮ್ಮ ಫೈಲಿಗೆ, ಉಳಿದಿದ್ದರಲ್ಲಿ ಬಹುಪಾಲು ತಪ್ಪು ಹಿಡಿದು ತಿದ್ದೋಕೆ.

ಅದಕ್ಕೇ ಆಡಿಯೋ ಸಿಡಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಸೆಕ್ಯೂರ್ ಮೋಡ್ ಇಡಿ, ಅನುಮಾನ ಬಂದ ಜಾಗಾನ ಅದು ಮತ್ತೆ ಮತ್ತೆ ಓದುತ್ತೆ, ನಿಧಾನ ಆಗುತ್ತೆ, ಹೋಗಿ ಒಂದು ಕಾಫಿ ಕುಡ್ಕೊಂಡು ಬನ್ನಿ. ಟೆಸ್ಟ್ ಆಂಡ್ ಕಾಪಿ ಕೊಟ್ರೆ ಎರಡು ಸಲ ಓದಿ, ಪ್ರತಿ ಸಲ ಓದಿದ್ದನ್ನ ಲೆಕ್ಕ ಹಾಕಿ ತೆಗೆದ ಸಿಆರ್‌ಸಿ ಅನ್ನೋ ಗುರುತಿನ ನಂಬರ್ ತೋರಿಸುತ್ತೆ, ಎರಡೂ ಒಂದೇ ಇದ್ರೆ ಧೈರ್ಯವಾಗಿರಿ, ಬೇರೆ ಬಂದ್ರೆ ಪಕ್ಕದ ಮನೆಯವ್ರ ಹಳೇ ಕಂಪ್ಯೂಟರ್ ಡ್ರೈವಲ್ಲಿ ಹಾಕಿ ನೋಡಿ, ಒಂದು ಡ್ರೈವ್ ಓದದ್ದನ್ನ ಇನ್ನೊಂದು ಓದೋದು ಎಷ್ಟೋ ಸಲ ಆಗುತ್ತೆ. ಸೇವ್ ಮಾಡೋದು ವೇವ್ ಇಲ್ಲಾ ಫ್ಲ್ಯಾಕ್ ಅನ್ನೋ ಫೈಲ್ ಥರದಲ್ಲಿ. ವೇವ್ ಅಂದ್ರೆ ನಿಮಿಷಕ್ಕೆ ಹತ್ತು ಎಂಬಿ ಲೆಕ್ಕ, ಫ್ಲ್ಯಾಕ್ ಸುಮಾರು ಅರ್ಧಕ್ಕೆ ಇಳಿಸುತ್ತೆ, ಒಂದು ಅಂಕೀನೂ ಬಿಡದೆ.

ಮದುವೆ ಡಿವಿಡಿ ಆದ್ರೆ ಕೆಲಸ ಸುಲಭ, ಇಮ್‌ಗ್‌ಬರ್ನ್ ಅನ್ನೋ ಸಾಫ್ಟ್‌ವೇರ್ ತೆಗೆದು ಡಿಸ್ಕಿಂದ ಇಮೇಜ್ ಫೈಲ್ ಮಾಡು ಅನ್ನೋದು ಒತ್ತಿ, ಇಡೀ ಡಿಸ್ಕು ಒಂದೇ ಐಎಸ್‌ಒ ಫೈಲ್ ಆಗುತ್ತೆ. ಮಧ್ಯ ಸಿಕ್ಕಾಕ್ಕೊಂಡ್ರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಅನ್ನೋ ಸಾಫ್ಟ್‌ವೇರ್ ಬಳಸಿ, ಓದೋಕಾಗೋ ಭಾಗ ಮೊದಲು ಎತ್ಕೊಂಡು ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬರುತ್ತೆ. ಆದ್ರೆ ಆಡಿಯೋ ಸಿಡಿಗೆ ಇವೆರಡೂ ಬೇಡ, ಐಎಸ್‌ಒ ಒಳಗೆ ಹಾಡಿನ ಟ್ರ್ಯಾಕು ಕೂರಲ್ಲ.

ವಾಪಸ್ ಡಿಸ್ಕಿಗೇ ಬರೀಬೇಕು ಅಂದ್ರೆ ಸ್ಪೀಡ್ ಮಧ್ಯಮ ಇಡಿ, ಡಿವಿಡಿಗೆ 8ಎಕ್ಸ್ ಸಾಕು, ವೆರಿಫೈ ಟಿಕ್ ಮಾತ್ರ ತೆಗೀಬೇಡಿ. ಹಾಡಿನ ಸಿಡಿಗೆ ಇಡೀ ಡಿಸ್ಕನ್ನ ಒಂದೇ ಏಟಿಗೆ ಬರೆಯೋ ಡಿಸ್ಕ್ ಅಟ್ ಒನ್ಸ್ ಆರಿಸಿ, ಒಂದೊಂದೇ ಹಾಡು ಬರೆಯೋ ಟ್ರ್ಯಾಕ್ ಅಟ್ ಒನ್ಸ್ ಇಟ್ರೆ ಹಾಡು ಹಾಡಿನ ಮಧ್ಯ ಎರಡು ಸೆಕೆಂಡ್ ಮೌನ ತೂರಿಕೊಳ್ಳುತ್ತೆ. ನಮ್ಮ ತಾತ ಎರಡು ದೇವರನಾಮದ ಮಧ್ಯ ಉಸಿರೂ ಬಿಡದೆ ಹಾಡಿದ್ರು, ಮೊದಲನೇ ಕಾಪೀಲಿ ಅಲ್ಲೇ ತುಂಡಾಗಿ ದೊಡ್ಡಮ್ಮ ತಕ್ಷಣ ಹಿಡಿದುಬಿಟ್ರು, "ನಿಮ್ಮ ತಾತ ಇಲ್ಲಿ ನಿಲ್ಲಿಸ್ತಿರ್ಲಿಲ್ಲ ಕಣೋ" ಅಂತ.